ಬುಡಕ್ಕೆ ಮಣ್ಣಿಲ್ಲದ ಸೀತಾಳೆ

ಹಿತ್ತಲಲ್ಲಿ ನಾನು ಹುರುಳಿ ಒಣಗಿಸಲು ಚಾಪೆ ಹಾಸುತ್ತಿದ್ದ ಜಾಗ ಆ ವರ್ಷ ಚಾಪೆಗೆ ಸಾಲದೆ ಬಂತು. ಮೊದಮೊದಲು ಚಾಪೆಯ ಒಂದು ಅಂಚು ಮಡಿಸಿ ಹಾಸಿದೆ. ಆಮೇಲೆ ಚಾಪೆ ಬಿಟ್ಟು ಮೊರದಲ್ಲಿ ಹರವಿದೆ. ಬೇಸಗೆ ಬರುವ ಹೊತ್ತಿಗೆ ಮೊರ ಇಟ್ಟು ಗೋಡೆ ಹಿಡಿದುಕೊಂಡು ಹಿಂದಕ್ಕೆ ಬರುತ್ತಿದ್ದೆ. ಮೊರದ ಆಚೆಗೆ ಕೊರಕಲು. ಊರಿನ ಪಡುವಣಕ್ಕೆ ಉದ್ದಕ್ಕೂ ಬಾಯಿ ಬಿಟ್ಟುಕೊಂಡು ಬಿದ್ದಿದೆ ಅದು. ತಳದಲ್ಲಿ ಕತ್ತಾಳೆ, ಲಂಟಾನ, ಬಂಡೆ. ಮೇಯಲು ಇಳಿದ ಮೇಕೆ ಮೇಲಿನಿಂದ ನೋಡಿದರೆ ಬೆಕ್ಕಿನಷ್ಟು ಕಾಣುತ್ತದೆ. ನಾನು ಮದುವೆಯಾಗಿ ಬಂದಾಗ ನಮ್ಮ ಮನೆಯಿಂದ ಆ ಕೊರಕಲು ಕಾಣುತ್ತಲೇ ಇರಲಿಲ್ಲ.

ಕೊರಕಲು ಬೆಳೆದು ಬಂದದ್ದಲ್ಲ. ನಮ್ಮ ಮನೆಯೇ ಅದರ ಕಡೆಗೆ ಹೋಗುತ್ತಿತ್ತು.

ನಮ್ಮೂರಲ್ಲಿ ಮನೆಗಳು ಜರುಗುತ್ತವೆ. ಬಾವಿ ಇದ್ದಲ್ಲೇ ಇರುತ್ತದೆ, ಮರ ಇದ್ದಲ್ಲೇ, ಹೊಲದ ಬದು ಇದ್ದಲ್ಲೇ. ಮನೆ ಮಾತ್ರ ಒಲೆ, ಕಣಜ, ಮಲಗಿದವರ ಸಮೇತ ತನ್ನ ಪಾಡಿಗೆ ತಾನು ಒಂದಿಷ್ಟು ಸರಿದುಬಿಟ್ಟಿರುತ್ತದೆ. ಸದ್ದಾಗುವುದಿಲ್ಲ, ಗಡಿಗೆಯ ನೀರು ತುಳುಕುವುದಿಲ್ಲ. ಬೆಳಗ್ಗೆ ಬಾಗಿಲು ತೆಗೆದ ಹೆಂಗಸು ಹೊರಗೆ ಕತ್ತು ಹಾಕಿ, "ಈವತ್ತು ಯಾರಮ್ಮ ಪಕ್ಕ?" ಎಂದು ಕೂಗುತ್ತಾಳೆ. ಆಚೆಯಿಂದ, "ನಾನೇ ಕಣೆ, ಪುಟ್ಟನಂಜಿ. ವಸಿ ಹುಣಸೆಹಣ್ಣಿದ್ರೆ ಕೊಡು, ಮತ್ತೆ ಯಾವಾಗ ಸಿಗ್ತೀಯೋ," ಎಂದು ಉತ್ತರ ಬರುತ್ತದೆ. ಮೇಯಲು ಹೋದ ಹಸು ಸಂಜೆ ನಿನ್ನೆ ಮನೆಯಿದ್ದ ಬಯಲಿಗೆ ಬಂದು ನಿಂತು ಅಂಬಾ ಅನ್ನುತ್ತದೆ. ಹೋಗಿ ಹೊಡೆದುಕೊಂಡು ಬರಬೇಕು. ಹೆಣ್ಣು ನೋಡಲು ಬರುವವರಿಗೆ ಮನೆಯ ಗುರುತು ಹೇಳುವುದಿಲ್ಲ, ಮನೆಯ ಯಜಮಾನನ ಮೂಗು ಮೀಸೆಯ ಗುರುತು ಹೇಳುತ್ತೇವೆ. ಜಗಳವಾಡಿದವರು ಮಾತು ಬಿಟ್ಟು, ಮನೆ ದೂರ ಹೋಗಲಿ ಎಂದು ಕಾಯುತ್ತಾರೆ. ಎಷ್ಟೋ ಸಲ ಮನೆಗಳೇ ಹತ್ತಿರ ಬಂದು ಗೋಡೆಗೆ ಗೋಡೆ ತಾಗಿಸಿ ನಿಂತು ಅವರ ಮುಖ ಸಣ್ಣದು ಮಾಡುತ್ತವೆ. ಹೆಚ್ಚಿನ ಮನೆಗಳು ಹೀಗೆ ಹೋಗಿ ಹಾಗೆ ಬರುತ್ತವೆ, ಅದರಿಂದ ಯಾರಿಗೂ ಅಂಥ ತೊಂದರೆಯಿಲ್ಲ. ನಮ್ಮದು ಮಾತ್ರ ಒಂದೇ ದಿಕ್ಕು ಹಿಡಿದಿತ್ತು.

ಪ್ರತಿ ಮನೆಯ ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ, ಒಂದು ಕಾಗದ ತೂಗುತ್ತದೆ. ಅದರ ಮೇಲೆ ಮಸಿಯಲ್ಲಿ ಮೂಡಿಸಿದ ಸೀತಾಳೆ ಹೂವಿನ ಗಿಡ. ಬಣ್ಣವಿಲ್ಲ, ಬರೀ ಕಪ್ಪು. ಹೊಸ ಮನೆ ಹೂಡಿದ ದಿನ ಆ ಮನೆಯ ಹೆಣ್ಣು ಅದನ್ನು ಹೊಡೆಯಬೇಕು. ಬರೆಯುವುದು ಎನ್ನುವುದಿಲ್ಲ, ಹೊಡೆಯುವುದು ಎನ್ನುತ್ತೇವೆ. ಮೊದಲ ಎಲೆ ಉದ್ದಕ್ಕೆ, ಉಸಿರು ಬಿಗಿಹಿಡಿದು ಒಂದೇ ಏಟಿಗೆ. ಎರಡನೆಯದು ಅದನ್ನು ಅಡ್ಡ ಹಾಯುತ್ತದೆ. ಎರಡರ ನಡುವೆ ಒಂದು ಕಣ್ಣು ಮೂಡುತ್ತದೆ. ಮೂರನೆಯ ಎಲೆ ಆ ಕಣ್ಣನ್ನು ಸೀಳಿಕೊಂಡು ಹೋಗಬೇಕು. ಆಮೇಲೆ ಹೂವು, ಆಮೇಲೆ ಬೇರು. ಒಮ್ಮೆ ಹೊಡೆದದ್ದನ್ನು ತಿದ್ದುವಂತಿಲ್ಲ. ಮುಂದೆ ಅದರ ಮೇಲೆ ಏನಾದರೂ ಸೇರಿಸಬೇಕಾದರೂ ಹೊಡೆದ ಕೈಯೇ ಸೇರಿಸಬೇಕು, ಬೇರೆ ಕೈ ತಾಗಬಾರದು. ನಮ್ಮ ಮನೆಯ ಕಾಗದ ನಮ್ಮತ್ತೆ ಲಕ್ಕಮ್ಮನವರು ಹೊಡೆದದ್ದು. ಅವರು ಇರುವ ಮನೆಗೆ ನಾನು ಸೊಸೆಯಾಗಿ ಬಂದವಳು. ನನ್ನದೆಂಬ ಕಾಗದ ನನಗಿಲ್ಲ.

ಇದನ್ನು ಊರಿಗೆ ಕಲಿಸಿದವರು ಹಾನಯ್ಯ. ಕೊರಿಯಾ ಎಂಬ ದೇಶದಿಂದ ಬಂದವರು. ಹೇಗೆ ಬಂದರು, ಇಲ್ಲೇ ಯಾಕೆ ನಿಂತರು ಎಂದು ಕೇಳಿದವರು ಈಗ ಯಾರೂ ಉಳಿದಿಲ್ಲ. ಹಾನ್ ಎಂದಿದ್ದ ಹೆಸರಿಗೆ ನಮ್ಮವರೇ ಅಯ್ಯ ಸೇರಿಸಿದರಂತೆ. ಅವರ ಭಾಷೆಯಲ್ಲಿ ಈ ಗಿಡವನ್ನು ಕಾಗದಕ್ಕೆ ತರುವುದಕ್ಕೆ ಬೇರೆಯೇ ಮಾತಿತ್ತು. ಹೊಡೆಯುವುದಕ್ಕೂ ಅದೇ, ದನಕರು ಸಾಕುವುದಕ್ಕೂ ಅದೇ. ದನ ಕಾಯುವವರ ಜತೆ ಅಲೆದು ನಮ್ಮ ಮಾತು ಕಲಿತವರಾದ್ದರಿಂದ ಅವರಿಗೆ "ಹೊಡಿ" ಎಂಬುದೇ ಹತ್ತಿರದ ಮಾತಾಗಿ ಕಂಡಿತು. ಅವರ ಕಡೆ ಓದಿದವರು ಮಸಿಯಲ್ಲಿ ನಾಲ್ಕು ಗಿಡ ಹೊಡೆಯುವ ರೂಢಿಯಂತೆ: ಬಿದಿರು, ಸೇವಂತಿಗೆ, ಚಳಿಯಲ್ಲಿ ಹೂಬಿಡುವ ಒಂದು ಮರ, ಮತ್ತೆ ಇದು. ಹಾನಯ್ಯ ಉಳಿದ ಮೂರನ್ನು ಮುಟ್ಟುತ್ತಿರಲಿಲ್ಲ. "ಯಾರೂ ಹೋಗದ ಕಣಿವೆಯಲ್ಲಿ ಅರಳ್ತದೆ. ಮೂಸೋರು ಇಲ್ಲ ಅಂತ ಪರಿಮಳ ಬಿಡೋದು ನಿಲ್ಸಲ್ಲ. ಓದಿದೋನು ಹಂಗಿರಬೇಕು," ಎನ್ನುತ್ತಿದ್ದರಂತೆ. ನಮ್ಮೂರಲ್ಲಿ ಆಗ ಓದಿದವರು ಇರಲಿಲ್ಲ. ಹೂವು ಒಳ್ಳೆಯದು ಎಂಬಷ್ಟನ್ನು ಮಾತ್ರ ಜನ ತೆಗೆದುಕೊಂಡರು.

ಅವರು ಹೊಡೆಯುತ್ತಿದ್ದ ಗಿಡಕ್ಕೆ ಎಲೆ ಹುಲ್ಲಿನಷ್ಟು ಸಣ್ಣ, ಹೂವು ಕಡ್ಡಿಗೊಂದು. ನಮ್ಮ ಸೀತಾಳೆ ಗೊಂಚಲು ಬಿಡುತ್ತದೆ. ಪಾಪ, ಅಯ್ಯನಿಗೆ ಗೊಂಚಲು ಹೊಡೆಯಲು ಕೈ ಬಗ್ಗುವುದಿಲ್ಲ ಎಂದುಕೊಂಡು ಯಾರೂ ಎದುರಿಗೆ ಆಡಿ ತೋರಿಸಲಿಲ್ಲವಂತೆ. ಬೇರು ಮಾತ್ರ ಎಲ್ಲರಿಗೂ ಒಪ್ಪಿಗೆಯಾಯಿತು. ಬರಿ ಬೇರು, ಗಾಳಿಯಲ್ಲಿ ನೇತಾಡುವ ಹಾಗೆ, ಕೆಳಗೆ ಮಣ್ಣಿಲ್ಲ. ಹಿಪ್ಪೆಮರದ ಕೊಂಬೆಗೆ ಕಚ್ಚಿಕೊಂಡ ನಮ್ಮ ಸೀತಾಳೆಗೂ ಮಣ್ಣೆಲ್ಲಿದೆ? ಹಾಗಾಗಿ ಮಣ್ಣು ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ. ಬುಡಕ್ಕೆ ಮಣ್ಣಿಲ್ಲ, ಅದಕ್ಕೇ ಮನೆ ನಿಲ್ಲುವುದಿಲ್ಲ ಎನ್ನುವವರು ಊರಲ್ಲಿದ್ದಾರೆ. ಹಾನಯ್ಯ ಬರುವುದಕ್ಕೆ ಮುಂಚೆಯೂ ಮನೆಗಳು ಜರುಗುತ್ತಿದ್ದವು ಎನ್ನುವವರೂ ಇದ್ದಾರೆ.

ಮಣ್ಣು ಹಾಕಿದ ಮನೆಯೂ ಒಂದಿತ್ತು. ಬೈಲಪ್ಪನದು. ದಿನಾ ಹಸು ಹುಡುಕುವುದಕ್ಕೆ ಬೇಸತ್ತು, ಹೆಂಡತಿ ತವರಿಗೆ ಹೋಗಿದ್ದಾಗ ಕುಂಚ ಹಿಡಿದು ಸೀತಾಳೆಯ ಬುಡಕ್ಕೆ ಕುಪ್ಪೆ ಕುಪ್ಪೆ ಮಸಿ ಮೆತ್ತಿದ. ಮನೆ ನಿಂತಿತು. ನಿಂತು ಸುಮ್ಮನಿರದೆ ಕೆಳಕ್ಕೆ ಇಳಿಯತೊಡಗಿತು. ಬಾಗಿಲು ಪೂರ್ತಿ ನೆಲದೊಳಕ್ಕೆ ಹೋಯಿತು. ಈಗ ಅವರು ಕಿಟಕಿ ಕಿತ್ತು ಅಲ್ಲಿಂದ ಓಡಾಡುತ್ತಾರೆ. ಬೇರೆ ಕೈ ತಾಗಿದ್ದಕ್ಕೆ ಹೀಗಾಯಿತು ಎಂದು ಅವನ ಹೆಂಡತಿ, ಮಣ್ಣು ಜಾಸ್ತಿಯಾಯಿತು ಅಷ್ಟೆ ಎಂದು ಅವನು. "ಸೆಕೆಗಾಲಕ್ಕೆ ತಂಪಾಗೈತೆ ಬುಡು," ಎಂದು ಹಲ್ಲು ಬಿಡುತ್ತಾನೆ.

ನಮ್ಮತ್ತೆ ಹಿಂದಿನ ವರ್ಷ ಬಚ್ಚಲ ಕಲ್ಲ ಮೇಲೆ ಜಾರಿ ಸೊಂಟ ಮುರಿದುಕೊಂಡಿದ್ದರು. ಒಳಕೋಣೆಯಲ್ಲಿ, ಹಿಂಗೋಡೆಗೆ ತಾಗಿಸಿದ ಮಂಚದಲ್ಲೇ ಎಲ್ಲ. ಮನೆ ಕೊರಕಲಿಗೆ ಬೀಳುವುದಾದರೆ ಮೊದಲು ಬೀಳುವುದು ಆ ಕೋಣೆ. ಮಂಚವನ್ನು ನಡುಮನೆಗೆ ತರುತ್ತೇವೆ ಎಂದರೆ ಬೇಡ. ಬೈಲಪ್ಪನ ಮನೆಯಲ್ಲಿ ಸ್ವಲ್ಪ ದಿನ ಇರಿ ಎಂದರೆ, "ಆ ಬಿಲದೊಳಕ್ಕಾ? ನಾನೇನು ಹೆಗ್ಗಣವಾ?" ಎಂದರು. ಬೇರೆ ಮನೆ ಕಟ್ಟುವುದು ಮಳೆಗಾಲಕ್ಕೆ ಮುಂಚೆ ಆಗುವ ಮಾತಾಗಿರಲಿಲ್ಲ. ಕಟ್ಟಿದರೂ ಅವರು ಬರುವವರಲ್ಲ. ನಾನು ದಿನಾ ಬೆಳಗ್ಗೆ ಎದ್ದು ಮುಖ ತೊಳೆಯುವುದಕ್ಕೆ ಮುಂಚೆ ಹಿತ್ತಲಿಗೆ ಹೋಗಿ ನೋಡುತ್ತಿದ್ದೆ. ಒಲೆ ಮುಂದೆ ಕೂತಾಗಲೂ ಕಿವಿ ಹಿಂಗೋಡೆಯ ಕಡೆಗೇ. ಇಲಿ ಓಡಿದರೆ ಮಣ್ಣು ಉದುರಿತೇನೋ ಎಂದು ಏಳುತ್ತಿದ್ದೆ. ಮುದ್ದೆ ತಳ ಹಿಡಿಯುತ್ತಿತ್ತು.

ನನ್ನ ಗಂಡ ಮೂಡ್ಲಗಿರಿ ಹೆಚ್ಚು ಮಾತಿನವರಲ್ಲ. ಒಂದು ದಿನ ಬಾವಿಯ ಮಿಣಿ ಹಗ್ಗವನ್ನೆಲ್ಲ ತಂದು, ಮನೆಯ ಮುಂದಿನ ಕಂಬಗಳಿಗೆ ಬಿಗಿದು, ಇನ್ನೊಂದು ತುದಿಯನ್ನು ಎದುರಿನ ಹುಣಸೆಮರಕ್ಕೆ ಸುತ್ತಿದರು. ಬೈಲಪ್ಪ ತನ್ನ ಕಿಟಕಿಯಿಂದ ಮೇಲೆ ಹತ್ತಿ ಬಂದು ನಿಂತು ನೋಡಿದ.

"ಏನ್ ಗಿರಿಯಣ್ಣ, ಮನೆಗೆ ಮೂಗುದಾರ ಹಾಕ್ತಾ ಇದ್ದೀಯ? ಹಾಲು ಕರಿಯೋಕಾ, ನೇಗಿಲಿಗೆ ಹೂಡೋಕಾ?"

"ಬಾಯಿ ಮುಚ್ಕೊಂಡು ಒಂದು ಕೈ ಹಾಕು."

"ಹಾಕ್ತೀನಪ್ಪ. ಇನ್ನೊಂದು ಸುತ್ತು ಸುತ್ತು. ಎಲ್ಲಾನ ಮನೆ ಬುಟ್ಟು ಮರ ಕಿತ್ಕೊಂಡು ಬಂದಾತು."

ಮಾರನೆಯ ಬೆಳಗ್ಗೆ ಮಿಣಿ ವೀಣೆಯ ತಂತಿಯಂತೆ ಬಿಗಿದುಕೊಂಡಿತ್ತು. ಹುಣಸೆಮರದ ಸಿಪ್ಪೆ ಸುಲಿದು ಬಿಳಿ ತಿರುಳು ಕಾಣುತ್ತಿತ್ತು. ನಾವು ನೋಡುತ್ತಿದ್ದಂತೆಯೇ ಒಂದು ಕಂಬ ಬುಡದಲ್ಲಿ ಲಟಕ್ಕೆಂದಿತು. ಕಂಬವೇ ಬಂದರೆ ಮಾಡು ಕೂರುತ್ತದೆಂದು ನನ್ನ ಗಂಡ ಕುಡುಗೋಲಿನಿಂದ ಮಿಣಿ ಕಡಿದು ಹಾಕಿದರು. ಆ ದಿನ ಅವರು ಊಟಕ್ಕೆ ಬರಲಿಲ್ಲ. ಹೊಲದ ಬದುವಿನ ಮೇಲೆ, ಕದಲದ ನೆಲದ ಮೇಲೆ, ಕೂತಿದ್ದರು.

ಅತ್ತೆಗೆ ಗಂಜಿ ಕುಡಿಸುವಾಗ ಕೇಳಿಯೇಬಿಟ್ಟೆ.

"ಅತ್ತೆಮ್ಮ, ನೀವೇ ಹೊಡೆದಿರೋ ಕಾಗದ. ನಿಮ್ಮ ಕೈಯಾರ ಬುಡಕ್ಕೆ ವಸಿ ಮಣ್ಣು ಹಾಕ್ಬಿಡಿ. ಬೈಲಣ್ಣನಂಗೆ ಕುಪ್ಪೆ ಹಾಕೋದು ಬ್ಯಾಡ. ಒಂದೆಳೆತ, ಮೇಲೆ ನಾಕು ಚುಕ್ಕಿ."

"ಆಗಲ್ಲ."

"ಯಾಕಾಗಲ್ಲ?"

"ಅದು ಮಣ್ಣಿಲ್ಲದ ಗಿಡ ಕಣೆ."

"ಮಣ್ಣಿಲ್ಲದ ಗಿಡ ಮರದ ಮ್ಯಾಲಿರ್ತದೆ ಅತ್ತೆಮ್ಮ, ಕೊರಕಲಿಗೆ ಬೀಳಲ್ಲ. ನೀವು ಬೀಳ್ತೀರ."

"ಬಿದ್ರೆ ನಾನು ತಾನೆ? ನಿನಗೇನು, ಗಂಜಿ ಕಾಯಿಸೋ ಕೆಲಸ ಉಳೀತು." ಬಾಯಿ ಒರೆಸಿಕೊಂಡು ಗೋಡೆ ಕಡೆ ಮುಖ ತಿರುಗಿಸಿದರು. ಆ ಗೋಡೆಯ ಹಿಂದೆ ಏನಿದೆ ಎಂದು ತಿಳಿದೂ ಅದಕ್ಕೆ ಅಷ್ಟು ಹತ್ತಿರ ಮುಖವಿಟ್ಟು ಮಲಗುವುದು ಹೇಗೆ ಸಾಧ್ಯವೋ ನನಗೆ ತಿಳಿಯಲಿಲ್ಲ.

ಮೊದಲ ಮೋಡ ಕಟ್ಟಿದ ದಿನ ನನ್ನ ತಾಳ್ಮೆ ಮುಗಿಯಿತು. ಗಂಡ ಹೊಲಕ್ಕೆ ಹೋಗಿದ್ದರು. ಅತ್ತೆ ಗೊರಕೆ ಹೊಡೆಯುತ್ತಿದ್ದರು. ಗೋಡೆಯ ಗೂಡಿನಿಂದ ಮಸಿಯ ಬಿಲ್ಲೆ ತೆಗೆದೆ. ಹರಳೆಣ್ಣೆಯ ಕಾಡಿಗೆಗೆ ಜಾಲಿಯ ಅಂಟು ಕಲಸಿ ಒಣಗಿಸಿದ್ದು. ಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯ್ದೆ. ಕುಂಚ ಅದ್ದಿ ಕಾಗದದ ಮುಂದೆ ನಿಂತೆ. ಬೇರೆ ಕೈ ತಾಗಿದರೆ ಮನೆ ಇಳಿಯುತ್ತದೆ. ಇಳಿದರೆ ಇಳಿಯಲಿ, ಕಿಟಕಿಯಿಂದ ಓಡಾಡಿಕೊಂಡು ಬದುಕಬಹುದು, ಕೊರಕಲಿನಲ್ಲಿ ಬದುಕುವುದಕ್ಕಾಗುತ್ತದೆಯೇ? ಹೀಗೆಲ್ಲ ಮನಸ್ಸಿಗೆ ಹೇಳಿಕೊಂಡೆ. ಆದರೆ ಇಳಿಯುವಾಗ ಕೊರಕಲಿನ ಅಂಚೇ ಜರಿದರೆ ಎಂಬ ಯೋಚನೆ ಬಂದು ಕೈ ನಿಂತಿತು. ಕುಂಚದ ತುದಿಯಿಂದ ಒಂದು ತೊಟ್ಟು ನೆಲಕ್ಕೆ ಬಿತ್ತು.

"ಸಾಕಿ," ಒಳಗಿನಿಂದ ಕೂಗು. ಗೊರಕೆ ಯಾವಾಗ ನಿಂತಿತ್ತೋ. "ಮಸಿ ವಾಸನೆ ಬತ್ತಾ ಐತೆ."

ನಾನು ಕುಂಚವನ್ನು ಬೆನ್ನ ಹಿಂದೆ ಮರೆಮಾಡಿದೆ.

"ತೆಳ್ಳಗೆ ತೇದಿದೀಯ. ವಾಸನೇಲೇ ಗೊತ್ತಾಯ್ತದೆ. ಬಾ ಇಲ್ಲಿ, ಕೂತ್ಕೊ."

ಕುಂಚ ಹಿಡಿದೇ ಹೋಗಿ ಮಂಚದ ಕಾಲ ಬಳಿ ಕೂತೆ. ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಬೈಯಲಿಲ್ಲ.

"ಹಾನಯ್ಯ ನಮ್ಮಪ್ಪನ ಜಗುಲೀಲೇ ಇದ್ದದ್ದು, ಗೊತ್ತಲ್ಲ? ನಾನಾಗ ಲಂಗದ ಹುಡುಗಿ. ಎಲ್ರೂ ಕಲಿಯೋಕೆ ಬರೋರು, ಹೋಗೋರು. ನಾನು ಮಸಿ ತೇಯೋಳು. ಒಂದ್ಸಲ ಕೇಳ್ದೆ, ಅಯ್ಯ, ನಿಮ್ಮೂರಲ್ಲೂ ಸೀತಾಳೆ ಹಿಪ್ಪೆಮರದ ಮ್ಯಾಲೇ ಬಿಡ್ತದಾ ಅಂತ. ಅಯ್ಯ ಕುಂಚ ಕೆಳಗಿಟ್ರು. ಮರದ ಮ್ಯಾಲಾ, ಅಂದ್ರು. ಅಲ್ಲಿವರ್ಗೂ ಅವರಿಗೆ ಗೊತ್ತಿರಲಿಲ್ಲ, ನಾವು ಏನಂದ್ಕೊಂಡು ಕಲೀತಾ ಇದ್ದೀವಿ ಅಂತ."

"ಮತ್ತೆ?"

"ಅವರ ಕಡೆ ಅದು ನೆಲದ ಗಿಡವಂತೆ ಕಣೆ. ಕಾಡಿನ ತಂಪಲ್ಲಿ, ಮಣ್ಣಲ್ಲಿ ಬೇರು ಬುಟ್ಕೊಂಡು ಬೆಳೆಯೋದು."

ನಾನು ಕಾಗದದ ಕಡೆ ನೋಡಿದೆ. ಬಾಗಿಲ ಸಂದಿನಿಂದ ಅದರ ಕೆಳಗಿನ ಭಾಗ ಕಾಣುತ್ತಿತ್ತು. ಗಾಳಿಯಲ್ಲಿ ನಿಂತ ಬೇರುಗಳು.

"ನೆಲದ ಗಿಡಕ್ಕೆ ಮಣ್ಣು ಯಾಕೆ ಹಾಕ್ಲಿಲ್ಲ ಅಯ್ಯ?"

"ಅದೇ ನಾನೂ ಕೇಳಿದ್ದು. ಇನ್ನೊಂದು ರಾಜ್ಯದೋರು ಬಂದು ಅವರ ನೆಲದ ಮ್ಯಾಲೆ ಕೂತಿದ್ರಂತೆ. ಅಯ್ಯನ ಕಡೆಯೋರು ತಮ್ಮ ಮಾತು ಆಡಂಗಿಲ್ಲ, ತಮ್ಮ ಹೆಸರು ಇಟ್ಕಳಂಗಿಲ್ಲ. ಮಣ್ಣು ಹೋದ ಮ್ಯಾಲೆ ಮಣ್ಣು ಹೊಡೆಯೋದು ಸುಳ್ಳಾಯ್ತದೆ ಲಕ್ಕೂ, ಅಂದ್ರು. ನಮ್ಮ ನೆಲ ನಮಗೆ ಬಂದ ದಿನ ಹಾಕ್ತೀನಿ, ಅಲ್ಲಿವರ್ಗೂ ಯಾರಿಗೂ ಹೇಳ್ಬ್ಯಾಡ, ಇವರು ಚೆಂದ ಅಂದ್ಕೊಂಡವ್ರೆ, ಅಂದ್ಕೊಳ್ಳಿ. ನಾನು ಅಂದೆ, ಅಯ್ಯ, ನೀವು ಹಾಕಿದ ದಿನವೇ ನಾನೂ ಹಾಕ್ತೀನಿ."

"ಬರಲೇ ಇಲ್ವಾ ನೆಲ?"

"ಬಂತು. ನನ್ನ ಮದುವೆಯಾಗಿ, ಈ ಕಾಗದ ಹೊಡೆದು ಎಷ್ಟೋ ದಿನ ಆದ್ಮ್ಯಾಲೆ ಬಳೆಗಾರ ಒಬ್ಬ ಸುದ್ದಿ ತಂದ. ಕೂತಿದ್ದೋರು ಎದ್ದು ಹೋದ್ರಂತೆ. ಅಯ್ಯ ನನ್ನ ಕರೆಸಿ ಮಸಿ ತೇಯಿಸಿದ್ರು. ನಾನೇ ತೇದಿದ್ದು. ಕುಂಚ ಎತ್ತೋ ಹೊತ್ಗೆ ಬಳೆಗಾರ ಉಳಿದರ್ಧ ಹೇಳ್ದ, ನಡುವೆ ಬೇಲಿ ಹಾಕಿ ಎರಡು ತುಂಡು ಮಾಡವ್ರೆ ಅಂತ. ಅಯ್ಯನ ಊರು ಬೇಲಿಯಿಂದ ಆಚೆಗಂತೆ. ಕುಂಚ ತೊಳ್ಕೊಂಡು ಬಾ ಲಕ್ಕೂ, ಅಂದ್ರು. ಆಮ್ಯಾಲೆ ಅವರು ಹೊಡೆಯಲೇ ಇಲ್ಲ. ಸಾಯೋಕೆ ಮುಂಚೆ ಒಂದೇ ಮಾತು ಕೇಳಿದ್ರು, ಅರ್ಧ ಬಂದ್ರೆ ಏನು ಮಾಡೋದು ಅಂತ. ನನಗೇನು ಗೊತ್ತು? ನಾನು ಮುಸುರೆ ತಿಕ್ಕೋಳು."

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

"ಅತ್ತೆಮ್ಮ, ಅದು ಅವರ ಮಣ್ಣು. ನಮ್ಮ ಮಣ್ಣು ಯಾರು ಕಿತ್ಕೊಂಡವ್ರೆ? ಆಚೆ ಹೊಲ ನಮ್ಮದು, ರಾಗಿ ನಮ್ಮದು, ಬಾವಿ ನಮ್ಮದು. ನಾವ್ಯಾಕೆ ಬರಿ ಬೇರು ತೂಗಾಕ್ಕೊಂಡು ಕೊರಕಲಿಗೆ ಹೋಗಬೇಕು?"

ಅತ್ತೆ ಕತ್ತು ಹೊರಳಿಸಿ ಬಾಗಿಲ ಸಂದಿನಿಂದ ಕಾಗದ ನೋಡಿದರು. ಆಮೇಲೆ, "ಇನ್ನೊಬ್ರ ಸಂಕಟಾನ ಊರಿಗೂರೇ ಗೋಡೆಗೆ ತೂಗಾಕ್ಕೊಂಡೈತೆ ಅಂತೀಯ," ಎಂದರು.

"ಗೊತ್ತಿಲ್ದೆ ತೂಗಾಕಿದೋರಿಗೆ ಅದು ಹೂವು ಅಷ್ಟೆ. ಅವರ ಮನೆಗಳು ಹೀಗೆ ಹೋಗಿ ಹಾಗೆ ಬತ್ತವೆ. ಗೊತ್ತಿದ್ದು ಹೊಡೆದೋರು ನೀವೊಬ್ರೇ. ಅದಕ್ಕೇ ನಮ್ಮದೊಂದೇ ಹಿಂಗೆ ನಡೀತಾ ಐತೆ."

ಇದನ್ನು ನಾನು ಯೋಚಿಸಿ ಆಡಿದ್ದಲ್ಲ, ಬಾಯಿಗೆ ಬಂತು. ಆಡಿದ ಮೇಲೆ ಇಬ್ಬರಿಗೂ ಅದು ನಿಜವೆನ್ನಿಸಿತು. ಅತ್ತೆ ನನ್ನ ಕೈಯಿಂದ ಕುಂಚ ಕಿತ್ತುಕೊಂಡು ದಿಂಬಿನ ಕೆಳಗೆ ಇಟ್ಟುಕೊಂಡರು, ನಾನು ಮತ್ತೆ ಮುಟ್ಟದ ಹಾಗೆ.

ಮಳೆ ಎರಡು ದಿನ ತಡೆದು ಬಂತು. ಹಗಲೇ ಸುರಿಯಿತು. ಹಿತ್ತಲಲ್ಲಿ ಧಡ್ ಎಂದು ಏನೋ ಕುಸಿದ ಸದ್ದಾಗಿ ಓಡಿದೆ. ಮೊರ ಇಡುತ್ತಿದ್ದ ಜಾಗ ಇರಲಿಲ್ಲ. ಕೊರಕಲಿನ ಅಂಚು ಸೀದಾ ಗೋಡೆಯ ಬುಡಕ್ಕೆ ಬಂದು ನಿಂತಿತ್ತು. ಪಾಯದ ಒಂದು ಕಲ್ಲು ಅರ್ಧ ಹೊರಗೆ ಚಾಚಿ ಗಾಳಿಯಲ್ಲಿತ್ತು. ಒಳಗೆ ಬಂದರೆ ಅತ್ತೆಯ ತಲೆಯ ಮೇಲೆ ಗೋಡೆ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತ್ತು. ನಾನು ಕಿರುಚಿದ್ದಕ್ಕೆ ನನ್ನ ಗಂಡ, ಹಿಂದೆಯೇ ಗೋಣಿಯ ಕೊಪ್ಪೆ ಹಾಕಿಕೊಂಡು ಬೈಲಪ್ಪ ಓಡಿ ಬಂದರು.

"ಅವ್ವ, ಇನ್ನು ನಿನ್ನ ಮಾತು ಕೇಳಲ್ಲ," ಎಂದು ನನ್ನ ಗಂಡ ಮಂಚದ ತಲೆಗಡೆ ಹಿಡಿದರು. ಬೈಲಪ್ಪ ಕಾಲಗಡೆ.

"ಎತ್ರೋ, ಎತ್ರೋ, ಆದ್ರೆ ನಡುಮನೇಲಿ ಇಳಿಸ್ರಿ. ಹೊಸಲು ದಾಟಿಸಿದ್ರೆ ನಾಲಿಗೆ ಕಚ್ಕೊಂಡು ಸಾಯ್ತೀನಿ. ಸಾಕಿ, ಮಸಿ ತೇಯಿ. ಗಟ್ಟಿಯಾಗಿ ತೇಯಿ."

"ದೊಡ್ಡವ್ವ, ಕಡಿಮೆ ಹಾಕು," ಎಂದ ಬೈಲಪ್ಪ. ಅವನ ಧ್ವನಿಯಲ್ಲಿ ತಮಾಷೆಯಿರಲಿಲ್ಲ. "ನಾನು ಮಾಡಿದ್ದು ನೋಡಿದ್ದೀಯಲ್ಲ."

ಕಾಗದ ಇಳಿಸಿ ಹಲಗೆಯ ಮೇಲೆ ಹಾಸಿ ಅತ್ತೆಯ ಎದೆಯ ಮುಂದೆ ಹಿಡಿದೆವು. ನಾನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿಕೊಂಡೆ. ಅವರ ಎಲುಬು ನನ್ನ ಎಲುಬಿಗೆ ತಾಗುತ್ತಿತ್ತು. ನನಗೆ ಕಾಗದ ಕಾಣುತ್ತಿರಲಿಲ್ಲ. ಹಿಂಗೋಡೆಯ ಬಿರುಕಿನಿಂದ ಬೆಳಕು ಬರುವುದು ಮಾತ್ರ ಕಾಣುತ್ತಿತ್ತು. ಅವರ ಉಸಿರು ನಿಂತಿತು, ಹೊಡೆಯುವಾಗ ಹಿಡಿಯುವ ಹಾಗೆ. ಕುಂಚ ಒಣ ಕಾಗದದ ಮೇಲೆ ಸರಿದ ಸದ್ದು. ಆಮೇಲೆ ಚುಕ್ಕಿ, ಚುಕ್ಕಿ. ಆಮೇಲೆ ಏನೂ ಇಲ್ಲ.

"ಅವ್ವ, ಇನ್ನೂ ಈ ಕಡೆ ಉಳೀತಲ್ಲ," ಎಂದರು ನನ್ನ ಗಂಡ.

"ಅಷ್ಟೆ."

"ಅಷ್ಟೆ ಅಂದ್ರೆ? ಅರ್ಧ ಬೇರು ಹಂಗೇ ನೇತಾಡ್ತಾ ಐತೆ."

"ಅರ್ಧವೇ ಬಂದಿರೋದು. ಬಂದಷ್ಟಕ್ಕೆ ಹಾಕಿದೀನಿ. ಬರದೇ ಇರೋದಕ್ಕೆ ಹಾಕು ಅಂದ್ರೆ ಕೈ ಏಳಲ್ಲ ಕಣೋ."

"ಅತ್ತೆಮ್ಮ!" ನಾನು ಬೆನ್ನು ತೆಗೆದು ತಿರುಗಿದೆ. ಅವರು ಹಿಂದಕ್ಕೆ ಒರಗಿ ನನ್ನ ಮಡಿಲಿಗೇ ಬಿದ್ದರು. "ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನೊಂದೆಳೆತ."

"ಅಯ್ಯ ಕೇಳಿದ್ದಕ್ಕೆ ಇದೊಂದೇ ನನಗೆ ಹೊಳೆದಿರೋದು," ಎಂದು ಕುಂಚವನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡರು. ಕುಂಚ ನನ್ನ ಕೈಯಲ್ಲಿತ್ತು, ಕಾಗದ ಎದುರಿಗಿತ್ತು, ಮಸಿ ಹಸಿಯಾಗಿತ್ತು. ನನ್ನ ಗಂಡ ನನ್ನ ಮುಖ ನೋಡಿದರು. ಬೈಲಪ್ಪ, "ಬ್ಯಾಡ ಸಾಕಕ್ಕ," ಎಂದ. ನಾನು ಕುಂಚವನ್ನು ನೀರಿನ ಚೊಂಬಿಗೆ ಹಾಕಿದೆ.

ಕಾಗದವನ್ನು ಮೊಳೆಗೆ ತೂಗಿಹಾಕಿದ ಮೇಲೆ ಮನೆ ಕದಲಿತು. ನಮ್ಮ ಜನ್ಮದಲ್ಲಿ ಮನೆ ಕದಲುವುದು ಕಣ್ಣಿಗೆ ಕಂಡದ್ದು ಅದೊಂದೇ ಸಲ. ಮುಂಭಾಗದ ಬಲಕ್ಕಿರುವ ಒಲೆಯ ಮೂಲೆ ಅಲ್ಲಾಡಲಿಲ್ಲ. ಉಳಿದ ಮನೆ ಆ ಮೂಲೆಯನ್ನು ಹಿಡಿದುಕೊಂಡು, ಕಣದಲ್ಲಿ ಮೇಟಿಯ ಸುತ್ತ ಎತ್ತು ಸುತ್ತುವ ಹಾಗೆ, ಮೆಲ್ಲಗೆ ಸುತ್ತತೊಡಗಿತು. ತೆರೆದ ಬಾಗಿಲಿನಲ್ಲಿ ಕಾಣುತ್ತಿದ್ದ ಹುಣಸೆಮರ ಪಕ್ಕಕ್ಕೆ ಸರಿದು ಮರೆಯಾಯಿತು, ಬಾವಿ ಬಂತು, ಪುಟ್ಟನಂಜಿಯ ಮನೆಯ ಹಿತ್ತಲು ಬಂತು. ಅವಳು ಒದ್ದೆ ಬಟ್ಟೆ ಕೈಲಿ ಹಿಡಿದು ಬಾಯಿ ಬಿಟ್ಟು ನಿಂತಿದ್ದಳು. ಹಿಂಗೋಡೆ ಕೊರಕಲಿನಿಂದ ಬಿಡಿಸಿಕೊಂಡು ಬಂದು ಗಟ್ಟಿ ನೆಲದ ಮೇಲೆ ನಿಂತಿತು. ಗಾಳಿಯಲ್ಲಿ ಚಾಚಿದ್ದ ಪಾಯದ ಕಲ್ಲಿನ ಕೆಳಗೆ ಹುಲ್ಲಿತ್ತು. ನನ್ನ ಗಂಡ ಹೊರಗೆ ಹೋಗಿ ಆ ಕಲ್ಲಿನ ಕೆಳಗೆ ಕೈ ಹಾಕಿ, ಹುಲ್ಲು ಕಿತ್ತು ತಂದು ನನಗೆ ತೋರಿಸಿದರು. ನನಗೆ ಆಗ ಅಳು ಬಂತು.

ಆದರೆ ಸುತ್ತುವುದು ನಿಲ್ಲಲಿಲ್ಲ. ಈಗಲೂ ನಿಂತಿಲ್ಲ. ಬೇರೆ ಮನೆಗಳಂತೆ ಯಾರಿಗೂ ಕಾಣದ ಹಾಗೆ ಸುತ್ತುತ್ತದೆ. ಬಿತ್ತನೆಯ ಹೊತ್ತಿಗೆ ಬಾಗಿಲು ಬಾವಿಯ ಕಡೆ, ಕಳೆ ತೆಗೆಯುವಾಗ ಊರ ಕಡೆ, ಕೊಯ್ಲಿಗೆ ಹೊಲದ ಕಡೆ. ಬಾಗಿಲು ಹುಣಸೆಮರದ ಕಡೆಗೆ ಬಂತೆಂದರೆ ಒಳಕೋಣೆ ಮತ್ತೆ ಕೊರಕಲಿನ ಅಂಚಿಗೆ ಬಂದಿದೆ ಎಂದು ಲೆಕ್ಕ. ಒಲೆಯ ಮೂಲೆ ಹಿಡಿದಿರುವುದರಿಂದ ಅಂಚು ದಾಟಿ ಹೋಗುವುದಿಲ್ಲ, ಬಂದು ತಾಗಿಕೊಂಡು ಹಾಗೇ ಮುಂದಕ್ಕೆ ಹೋಗುತ್ತದೆ. ಮನೆ ಅಂಚು ದಾಟುವುದಿಲ್ಲವಾದರೂ ಅಂಚು ಮನೆಯ ಕಡೆಗೆ ಬರುತ್ತದೆ. ಪ್ರತಿ ಮಳೆಗೂ ಒಂದಿಷ್ಟು ಜರಿಯುತ್ತದೆ. ಹುಣಸೆಮರ ಬಾಗಿಲಲ್ಲಿ ಕಾಣುವ ದಿನಗಳಲ್ಲಿ ನಾವು ಅತ್ತೆಯ ಮಂಚವನ್ನು ಒಲೆಯ ಮೂಲೆಗೆ ತರುತ್ತೇವೆ. ಕಣಜವನ್ನೂ ಅಲ್ಲಿಗೇ ತಂದೆವು. ಹೊಗೆಗೆ ಕಣ್ಣು ಉರಿಯುತ್ತದೆ ಎಂದು ಅತ್ತೆ ಗೊಣಗುತ್ತಾರೆ. ನನ್ನ ಗಂಡ ಒಳಕೋಣೆಯ ನೆಲಕ್ಕೆ ಕಿವಿ ಇಟ್ಟು ಮಲಗಿರುತ್ತಾರೆ.

ಸುದ್ದಿ ತಿಳಿದ ಊರಿನವರು ಬಂದು ನೋಡಿ ಹೋದರು. ನಮ್ಮ ಬುಡಕ್ಕೂ ಅರ್ಧ ಮಣ್ಣು ಹಾಕೋಣವೇ ಎಂದು ಕೆಲವರು ಕೇಳಿದರು. ಹಾನಯ್ಯನ ಸಂಗತಿ ಅತ್ತೆ ಅವರಿಗೆ ಹೇಳಲಿಲ್ಲ. "ನಿಮ್ಮ ಗಿಡ ಮರದ ಮೇಲಿಂದು, ಅದಕ್ಕೆ ಮಣ್ಣು ಬ್ಯಾಡ, ಹೋಗ್ರವ್ವ," ಎಂದು ಕಳಿಸಿದರು.

ಉಳಿದರ್ಧ ಯಾವಾಗ ಹಾಕುತ್ತೀರಿ ಎಂದು ನಾನು ಕೇಳಿದ್ದು ಒಂದೇ ಸಲ. "ಅಲ್ಲಿ ಬೇಲಿ ತೆಗೆದ್ರು ಅಂತ ಸುದ್ದಿ ಬರಲಿ. ಆವತ್ತೇ." ಅವರ ಕೈಯೇ ಆಗಬೇಕು, ಬೇರೆ ಕೈ ತಾಗುವಂತಿಲ್ಲ. ಅವರು ಹೋದ ಮೇಲೆ ಸುದ್ದಿ ಬಂದರೆ ಅದರಿಂದ ನಮಗೆ ಆಗುವುದೇನೂ ಇಲ್ಲ. ಅಂದಿನಿಂದ ಅವರಿಗೆ ಒಂದು ಕೆಮ್ಮು ಬಂದರೂ ನಾನು ಕಷಾಯಕ್ಕೆ ನೀರಿಡುತ್ತೇನೆ. ಸಂತೆಗೆ ಹೋದಾಗ ದೂರದವನೆಂದು ಕಂಡ ಯಾವ ವ್ಯಾಪಾರಿಯನ್ನೂ ಬಿಡುವುದಿಲ್ಲ. ಕೆಲವರು ನಗುತ್ತಾರೆ. ಕೆಲವರಿಗೆ ಅಂಥ ದೇಶವಿದೆಯೆಂದೇ ಗೊತ್ತಿಲ್ಲ. ಕಳೆದ ಸಂತೆಯಲ್ಲಿ ಸ್ಟೀಲು ಪಾತ್ರೆ ಮಾರುವವನೊಬ್ಬನಿಗೆ ಗೊತ್ತಿತ್ತು.

"ಕೊರಿಯಾನಾ? ಇಲ್ಲ ಕಣಕ್ಕ, ಬೇಲಿ ಹಂಗೇ ಐತಂತೆ. ಎರಡು ಕಡೆಯೂ ಬಂದೂಕು ಹಿಡ್ಕೊಂಡು ನಿಂತವ್ರೆ. ಯಾಕೆ, ಅಲ್ಲಿ ನಿಮ್ಮ ನೆಂಟರಿದಾರಾ?"

ಒಂದು ಸೌಟು ಕೊಂಡುಕೊಂಡು ಬಂದೆ. ದೂರದಿಂದಲೇ ನೋಡಿದೆ, ಬಾಗಿಲು ಹೆಚ್ಚುಕಡಿಮೆ ಹುಣಸೆಮರದ ಕಡೆ ತಿರುಗಿತ್ತು. ಒಳಗೆ ಕಾಲಿಡುತ್ತಲೇ ಒಲೆಯ ಮೂಲೆಯಿಂದ ಅತ್ತೆ ತಲೆಯೆತ್ತಿದರು.

"ಏನಂದ್ರು?"

"ಇನ್ನೂ ಇಲ್ವಂತೆ."

ಅವರು ಬೆಳಗ್ಗೆ ಬೇಡವೆಂದು ತಳ್ಳಿದ್ದ ಬಟ್ಟಲನ್ನು ಕೈ ಚಾಚಿ ಹತ್ತಿರಕ್ಕೆ ಎಳೆದುಕೊಂಡರು.

"ಹಂಗಾದ್ರೆ ಗಂಜಿ ಹಾಕು," ಎಂದರು. "ನಾನಿನ್ನೂ ಇರಬೇಕಲ್ಲ."